ಗ್ಲಬ್ ಪಾಷಾ ಮತ್ತು ಆತನ ಅರಬ್ ಸೈನಿಕರು

ಜೋರ್ಡನ್ ನದಿಯನ್ನು ದಾಟಿ ಪೂರ್ವಾಭಿಮುಖವಾಗಿ ಹೊರಟ ಪ್ರಯಾಣಿಕನಿಗೆ, ಗೋಧಿಯೂ ದ್ರಾಕ್ಷಿಯೂ ಬೆಳೆಯುವ ಬೆಟ್ಟಸೀಮೆಯು ಬಹುಬೇಗನೆ ಮುಗಿದುಹೋಗಿ, ಅಲ್ಲಿಂದಾಚೆಗೆ ಯೂಫ್ರಟೀಸ್ ನದಿಯ ಕಡೆಗೂ ದಕ್ಷಿಣದಲ್ಲಿ ಅರೇಬಿಯದ ನಜ್ದ್ ಪ್ರಾಂತದ ಕಡೆಗೂ ಹಬ್ಬಿರುವ ಮರುಭೂಮಿಯೇ ಎದುರಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ವಿಸ್ತಾರವಾದ ಭೂಮಿಗೆ ಒಡೆಯರೆಂದು ಯಾರಾದರೂ ಇದ್ದರೆ ಅವರು ಬೆದುಯಿನ್ ಬುಡಕಟ್ಟುಗಳವರು. ಒಂಟೆಗಳ ಮಂದೆಯನ್ನು ಅಟ್ಟಿಕೊಂಡು, ಮಳೆ ಬಿದ್ದಲ್ಲಿ ಹುಲ್ಲನ್ನೂ ಬಾವಿಯಿದ್ದಲ್ಲಿ ನೀರನ್ನೂ ಅರಸುತ್ತ, ಕಪ್ಪು ಕಂಬಳಿಯ ಗುಡಾರಗಳಲ್ಲಿ ಬದುಕುತ್ತಿದ್ದ ಹುವೈತಾತ್, ಬನೀ ಸಖ್ರ್ ಮೊದಲಾದ ಕುಲಗಳವರು. ಒಂದು ಕುಲದವರು ಮತ್ತೊಂದು ಕುಲದ ಒಂಟೆಗಳ ಮೇಲೆ ದಾಳಿ ನಡೆಸಿ ಅವನ್ನು ಹೊಡೆದುಕೊಂಡು ಬರುವುದು ಅವರಲ್ಲಿ ಅಪರಾಧವೆನಿಸದೆ ಪೌರುಷದ ಪರೀಕ್ಷೆಯೆಂದು ಎಣಿಸಲ್ಪಡುತ್ತಿದ್ದಿತು. ಹಾಗೆಯೇ, ಆಶ್ರಯ ಬೇಡಿ ಗುಡಾರದೊಳಗೆ ಬಂದವನು ವೈರಿಯೇ ಆಗಿದ್ದರೂ ಅವನ ಪ್ರಾಣವನ್ನು ತನ್ನ ಪ್ರಾಣದಂತೆ ಕಾಯುವುದು ಗೃಹಸ್ಥನ ಧರ್ಮವಾಗಿದ್ದಿತು. ಈ ಕಠಿಣವೂ ಉದಾರವೂ ಆದ ಜನರ ನಡುವೆ ತನ್ನ ಆಯುಷ್ಯದ ಮೂವತ್ತಾರು ವರ್ಷಗಳನ್ನು ಕಳೆದು, ಅವರಲ್ಲಿ ಹಲವರ ಪ್ರೀತಿಯನ್ನೂ ಹಲವರ ದ್ವೇಷವನ್ನೂ ಸಮನಾಗಿ ಸಂಪಾದಿಸಿದ ಒಬ್ಬ ಆಂಗ್ಲ ಸೈನ್ಯಾಧಿಕಾರಿಯ ಜೀವನವನ್ನು ಇಲ್ಲಿ ಪರಿಶೀಲಿಸಬೇಕೆಂದು ನನ್ನ ಅಪೇಕ್ಷೆ. ಆತನ ಹೆಸರು ಜಾನ್ ಬ್ಯಾಗಟ್ ಗ್ಲಬ್. ಜಗತ್ತು ಆತನನ್ನು ಅರಿತಿರುವುದು ಗ್ಲಬ್ ಪಾಷಾ ಎಂದು.

ಆ ಸೀಮೆಯು ಆಂಗ್ಲರ ಕೈಗೆ ಬಂದ ಬಗೆಯನ್ನು ಮೊದಲು ತಿಳಿಯಬೇಕು. ನಾಲ್ಕು ಶತಮಾನಗಳ ಕಾಲ ತುರ್ಕರ ಆಳ್ವಿಕೆಗೆ ಒಳಪಟ್ಟಿದ್ದ ಅರಬ್ ದೇಶಗಳು ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಅವರ ಕೈತಪ್ಪಿದವು. 1918ರ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಅಶ್ವದಳದೊಡನೆ ಸೇರಿ ಗೆದ್ದುಕೊಂಡವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದ ರಾವುತರೂ ಇದ್ದರೆಂಬುದನ್ನು ಕನ್ನಡಿಗರು ಮರೆಯಲಾಗದು. ಯುದ್ಧದಲ್ಲಿ ತುರ್ಕರ ವಿರುದ್ಧ ಎದ್ದುನಿಂತ ಅರಬರಿಗೆ ಸ್ವಾತಂತ್ರ್ಯದ ಆಸೆಯನ್ನು ತೋರಿಸಿದ್ದ ಆಂಗ್ಲರು, ಯುದ್ಧ ಮುಗಿದ ಬಳಿಕ ಆ ದೇಶಗಳನ್ನು ಫ್ರೆಂಚರೊಡನೆ ಹಂಚಿಕೊಂಡರು. ಇರಾಕ್, ಪ್ಯಾಲೆಸ್ಟೈನ್ ಮತ್ತು ಜೋರ್ಡನ್ ನದಿಯ ಪೂರ್ವದ ನಾಡು ಅವರ ಪಾಲಿಗೆ ಬಂದವು. 1921ರಲ್ಲಿ ಆ ಪೂರ್ವದ ನಾಡಿಗೆ ಮೆಕ್ಕಾದ ಷರೀಫನ ಮಗನಾದ ಅಬ್ದುಲ್ಲಾನನ್ನು ಅಮೀರನೆಂದು ಒಪ್ಪಿಕೊಳ್ಳಲಾಯಿತು. ಅಮೀರನ ಹೆಸರಿನಲ್ಲಿ ರಾಜ್ಯ, ಆಂಗ್ಲರ ಹಣದಲ್ಲಿ ಸೈನ್ಯ: ಟ್ರಾನ್ಸ್‌ಜೋರ್ಡನ್ ಎಂಬ ಹೊಸ ರಾಜ್ಯದ ಸಂವಿಧಾನದ ಸಾರವು ಇಷ್ಟೇ ಆಗಿದ್ದಿತು. ಈ ಮೂಲಸ್ಥಿತಿಯನ್ನು ನೆನಪಿನಲ್ಲಿಡದೆ ಗ್ಲಬ್ಬನ ಗುಣವನ್ನಾಗಲಿ ದೋಷವನ್ನಾಗಲಿ ಅಳೆಯಲು ಹೊರಟರೆ ನ್ಯಾಯ ತಪ್ಪುತ್ತದೆ.

ಗ್ಲಬ್ ಹುಟ್ಟಿದುದು 1897ರಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ. ತಂದೆ ಸೈನ್ಯದ ಎಂಜಿನಿಯರ್ ಪಡೆಯಲ್ಲಿ ಉನ್ನತ ಪದವಿಗೇರಿದವರು. ವೂಲಿಚ್ ಸೈನಿಕ ವಿದ್ಯಾಲಯದಲ್ಲಿ ಶಿಕ್ಷಣ ಮುಗಿಸಿ 1915ರಲ್ಲಿ ಅದೇ ಪಡೆಯನ್ನು ಸೇರಿದ ಮಗನು, ಹದಿನೆಂಟು ತುಂಬಿದ ಎಳೆಯ ವಯಸ್ಸಿನಲ್ಲಿ ಫ್ರಾನ್ಸಿನ ಕಂದಕಯುದ್ಧದ ನರಕವನ್ನು ಕಂಡನು. ಮೂರು ಬಾರಿ ಗಾಯಗೊಂಡನು. 1917ರಲ್ಲಿ ಸಿಡಿಗುಂಡಿನ ಚೂರೊಂದು ಆತನ ದವಡೆಯನ್ನು ನುಚ್ಚುಮಾಡಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ನರಳಿ ಎದ್ದ ಆ ಮುಖಕ್ಕೆ ಮೊದಲಿನ ಆಕಾರ ಮರಳಲಿಲ್ಲ. ಮುಂದೆ ಬೆದುಯಿನ್ ಜನ ಆತನಿಗೆ ಅಬು ಹುನೈಕ್, ಎಂದರೆ ಸಣ್ಣ ದವಡೆಯವನು, ಎಂದು ಸಲುಗೆಯ ಹೆಸರನ್ನಿಟ್ಟುದು ಈ ಕಾರಣದಿಂದಲೇ.

1920ರಲ್ಲಿ ಇರಾಕಿನಲ್ಲಿ ಆಂಗ್ಲರ ವಿರುದ್ಧ ದೊಡ್ಡ ದಂಗೆಯೆದ್ದಾಗ, ಶಾಂತಿಕಾಲದ ಇಂಗ್ಲೆಂಡಿನ ಸೈನಿಕ ಜೀವನದಲ್ಲಿ ರುಚಿಯಿಲ್ಲದ ಯುವಕನು ಆ ದೇಶಕ್ಕೆ ಹೋಗಲು ತಾನಾಗಿ ಮುಂದೆ ಬಂದನು. ಆರಂಭದಲ್ಲಿ ಆತನು ಮಾಡಿದುದು ಸಾಮ್ರಾಜ್ಯದ ಇತರ ಅಧಿಕಾರಿಗಳು ಮಾಡುತ್ತಿದ್ದ ಕೆಲಸವನ್ನೇ. ದಕ್ಷಿಣ ಇರಾಕಿನ ಸಮಾವಾ ಸೀಮೆಯ ಕುಲಗಳು ಸರ್ಕಾರಕ್ಕೆ ತೆರಿಗೆ ತೆರಲೊಪ್ಪದೆ ನಿಂತಾಗ, ಅವರ ಮೇಲೆ ವಿಮಾನಗಳಿಂದ ಬಾಂಬು ಹಾಕುವುದೆಂದು ನಿಶ್ಚಯವಾಗಿ, ಗುರಿಯಾಗಬೇಕಾದ ಹಳ್ಳಿಗಳ ನಕ್ಷೆಯನ್ನು ಸಿದ್ಧಪಡಿಸುವ ಹೊಣೆಯು ಗ್ಲಬ್ಬನ ಮೇಲೆ ಬಿದ್ದಿತು. ಕುದುರೆಯೇರಿ ಆ ಹಳ್ಳಿಗಳನ್ನು ಸುತ್ತಿ, ಅಲ್ಲಿಯ ಷೇಖರ ಆತಿಥ್ಯವನ್ನುಂಡು ಬರೆದ ನಕ್ಷೆಯ ಆಧಾರದ ಮೇಲೆಯೇ ಮುಂದೆ ಆ ಗುಡಿಸಲುಗಳ ಮೇಲೆ ಬಾಂಬುಗಳು ಬಿದ್ದವು. ಆತನ ಜೀವನವನ್ನು ಕೊಂಡಾಡುವವರು ಈ ಅಧ್ಯಾಯವನ್ನು ಮುಚ್ಚಿಡಬಾರದು. ಏಕೆಂದರೆ ಸಾಮ್ರಾಜ್ಯವು ತನ್ನ ಸೇವಕರಿಂದ ಏನನ್ನು ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಆದರೆ ಅಲ್ಲಿಯೇ ಆತನ ಅಂತರಂಗದಲ್ಲಿ ಒಂದು ಪರಿವರ್ತನೆಯೂ ಮೊಳೆಯಿತು. ಅರಬ್ಬೀ ಭಾಷೆಯನ್ನು ಪುಸ್ತಕದಿಂದಲೂ, ಅದಕ್ಕಿಂತ ಹೆಚ್ಚಾಗಿ ಗುಡಾರಗಳ ಕಾಫಿಯ ಒಲೆಯ ಸುತ್ತ ಕುಳಿತವರ ಬಾಯಿಯಿಂದಲೂ ಕಲಿತನು; ರಜೆ ದೊರೆತಾಗ ಇರಾಕಿನಿಂದ ಅಮ್ಮಾನ್ ಪಟ್ಟಣದವರೆಗೆ ಒಂಟೆಯೇರಿ ಮರುಭೂಮಿಯನ್ನು ಅಡ್ಡಹಾಯ್ದು ಬಂದನು. 1926ರಲ್ಲಿ ಆಂಗ್ಲ ಸೈನ್ಯದ ಪದವಿಗೆ ರಾಜೀನಾಮೆಯಿತ್ತು ಇರಾಕ್ ಸರ್ಕಾರದ ನೌಕರಿಯನ್ನು ಸ್ವೀಕರಿಸಿದನು. ತೌರಿನ ಸೈನ್ಯದಲ್ಲಿ ಕ್ರಮವಾಗಿ ದೊರೆಯಬಹುದಾಗಿದ್ದ ಬಡ್ತಿಯನ್ನೆಲ್ಲ ಬಿಟ್ಟುಕೊಟ್ಟು ಪರದೇಶದ ಸರ್ಕಾರದ ಅಧೀನನಾಗುವುದು ಇಪ್ಪತ್ತೊಂಬತ್ತು ವಯಸ್ಸಿನವನಿಗೆ ಸಣ್ಣ ನಿರ್ಧಾರವಲ್ಲ. ಆ ಕಾಲದಲ್ಲಿ ನಜ್ದಿನ ಇಖ್ವಾನ್ ಎಂಬ ಮತಾವೇಶದ ಯೋಧರು ಇರಾಕಿನ ಗಡಿಯನ್ನು ದಾಟಿ ಬಂದು, ಕುರಿ ಮೇಯಿಸುವ ಬಡ ಕುಲಗಳ ಮೇಲೆ ಎರಗಿ, ಗಂಡಸರನ್ನು ಕೊಂದು ಮಂದೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಈ ಕುರಿಗಾಹಿಗಳಿಗೆ ರಕ್ಷಕರಿರಲಿಲ್ಲ. ಒಂಟೆ ಸಾಕುವ ಉಚ್ಚ ಕುಲಗಳು ಅವರನ್ನು ಕೀಳಾಗಿ ಕಾಣುತ್ತಿದ್ದವು, ಬಾಗ್ದಾದಿನ ಪಟ್ಟಣಿಗರಿಗೆ ಅವರ ಇರವೇ ತಿಳಿದಿರಲಿಲ್ಲ. ಗ್ಲಬ್ ಆ ಜನರ ಜೊತೆಯಲ್ಲಿ ಬಿಡಾರ ಹೂಡಿ, ಅವರಲ್ಲಿಯೇ ಯುವಕರನ್ನಾರಿಸಿ, ಮೋಟಾರು ವಾಹನಗಳ ಮೇಲೆ ಮೆಷಿನ್ ಗನ್ನುಗಳನ್ನು ಕೂಡಿಸಿ ಗಡಿಯನ್ನು ಕಾಯುವ ಒಂದು ಮರುಭೂಮಿ ಪಡೆಯನ್ನು ಕಟ್ಟಿದನು. 1930ರ ಆರಂಭದ ವೇಳೆಗೆ, ಒಂದು ಕಡೆಯಿಂದ ನಜ್ದಿನ ದೊರೆ ಇಬ್ನ್ ಸೌದನ ಸೈನ್ಯವೂ ಮತ್ತೊಂದು ಕಡೆಯಿಂದ ಆಂಗ್ಲರ ಬಲವೂ ಒತ್ತಿದುದರಿಂದ ಇಖ್ವಾನರ ಬಂಡಾಯ ಅಡಗಿತು. ಬೆದುಯಿನನನ್ನು ಹೊರಗಿನವನ ಬಂದೂಕಿನಿಂದ ಆಳಹೊರಡುವುದಕ್ಕಿಂತ ಅವನ ಮೇಲೆಯೇ ವಿಶ್ವಾಸವಿಟ್ಟು ಕಾವಲಿನ ಹೊಣೆಯನ್ನು ಅವನಿಗೊಪ್ಪಿಸುವುದು ಮೇಲು ಎಂಬ ತತ್ತ್ವವು ಆತನಿಗೆ ಸಿದ್ಧಿಸಿದುದು ಈ ಅನುಭವದಿಂದ.

ಆ ವರ್ಷದ ಕೊನೆಯಲ್ಲಿ ಟ್ರಾನ್ಸ್‌ಜೋರ್ಡನಿನಿಂದ ಆತನಿಗೆ ಕರೆ ಬಂದಿತು. ಅಲ್ಲಿ ಫ್ರೆಡರಿಕ್ ಪೀಕ್ ಎಂಬ ಆಂಗ್ಲ ಅಧಿಕಾರಿಯು ಅರಬ್ ಲೀಜನ್ ಎಂಬ ಸೈನ್ಯವನ್ನು ಸ್ಥಾಪಿಸಿ ನಡೆಸುತ್ತಿದ್ದನು. ಪೀಕನು ಹಳ್ಳಿಪಟ್ಟಣಗಳ ಜನರನ್ನೇ ತನ್ನ ಸೈನ್ಯಕ್ಕೆ ಸೇರಿಸಿಕೊಂಡು, ಬೆದುಯಿನ್ನರನ್ನು ದೂರವಿಟ್ಟಿದ್ದನು. ಅತ್ತ ಮರುಭೂಮಿಯಲ್ಲಿ ನಜ್ದಿನ ಕುಲಗಳಿಗೂ ಹುವೈತಾತರಿಗೂ ನಡುವೆ ದಾಳಿ ಪ್ರತಿದಾಳಿಗಳು ಎಡೆಬಿಡದೆ ನಡೆದು, ಒಂಟೆಗಳನ್ನು ಕಳೆದುಕೊಂಡ ಹುವೈತಾತರ ಗುಡಾರಗಳಲ್ಲಿ ಹಸಿವು ತಾಂಡವವಾಡುತ್ತಿದ್ದಿತು. ಗಡಿಯ ರಕ್ಷಣೆಗೆಂದೇ ಆಂಗ್ಲರು ಕಟ್ಟಿದ್ದ ಬೇರೊಂದು ಪಡೆಯು ದಾಳಿಗಳನ್ನು ತಡೆಯಲಾರದೆ, ಸಿಕ್ಕಿದ ಹುವೈತಾತರನ್ನೇ ದಂಡಿಸುತ್ತ ಅವರ ವೈರವನ್ನು ಕಟ್ಟಿಕೊಂಡಿದ್ದಿತು. ಹೀಗಿರಲಾಗಿ, ಹೊಸದಾಗಿ ಬಂದ ಆಂಗ್ಲನೊಬ್ಬನು ಅವರ ಗುಡಾರಗಳಿಗೆ ಹೋಗಿ, ನಿಮ್ಮ ಮಕ್ಕಳನ್ನು ನನ್ನ ಪಡೆಗೆ ಕೊಡಿರಿ ಎಂದಾಗ ಅವರು ಸಂಶಯದಿಂದ ನೋಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಗ್ಲಬ್ ಬಲವಂತ ಮಾಡಲಿಲ್ಲ. ವಾರಗಟ್ಟಲೆ ಅವರ ನಡುವೆ ಕುಳಿತು, ಅವರ ಕಾಫಿಯನ್ನು ಕುಡಿದು, ವಂಶಾವಳಿಗಳನ್ನೂ ಹಳೆಯ ಕದನಗಳ ಕಥೆಗಳನ್ನೂ ಕೇಳುತ್ತ ಕಾದನು. ಮೊದಲು ಬೆರಳೆಣಿಕೆಯ ಜನ ಬಂದರು. ಅವರನ್ನು ಕಂಡು ಇನ್ನಷ್ಟು ಜನ ಬಂದರು. ಕೊನೆಗೆ ಷೇಖರ ಮಕ್ಕಳೇ ಸೈನಿಕರಾಗಲು ಸ್ಪರ್ಧಿಸತೊಡಗಿದರು. 1932ರ ಹೊತ್ತಿಗೆ, ಯಾವ ಮಹಾಯುದ್ಧವನ್ನೂ ಹೂಡದೆ, ಯಾರ ಗುಡಾರವನ್ನೂ ಸುಡದೆ, ಆ ಮರುಭೂಮಿಯಲ್ಲಿ ತಲೆತಲಾಂತರದಿಂದ ಬಂದಿದ್ದ ದಾಳಿಯ ಪದ್ಧತಿಯು ಬಹುಮಟ್ಟಿಗೆ ನಿಂತುಹೋಯಿತು.

ಮರುಭೂಮಿ ಗಸ್ತು ಎನಿಸಿಕೊಂಡ ಈ ಪಡೆಯ ಜೀವನಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ, ಏಕೆಂದರೆ ಗ್ಲಬ್ಬನ ನಿಜವಾದ ಸಾಧನೆಯಿರುವುದು ಇಲ್ಲಿಯೇ. ಮುದವ್ವರ, ಬಾಯಿರ್, ವಾದಿ ರಮ್ ಮೊದಲಾದ ನೀರಿರುವ ತಾಣಗಳಲ್ಲಿ ಸಣ್ಣ ಸಣ್ಣ ಕೋಟೆಗಳನ್ನು ಕಟ್ಟಿಸಿದನು. ಬಾವಿಯನ್ನು ಕಾಯುವವನೇ ಮರುಭೂಮಿಯನ್ನು ಕಾಯುವವನೆಂಬುದು ಆ ಸೀಮೆಯ ಸರಳವಾದ ಸೂತ್ರ. ಒಂದೊಂದು ಕೋಟೆಯಲ್ಲಿಯೂ ನಿಸ್ತಂತು ಯಂತ್ರವಿರುತ್ತಿದ್ದಿತು, ಕಾಯಿಲೆಯವರಿಗೆ ಔಷಧವಿರುತ್ತಿದ್ದಿತು, ದಾರಿಹೋಕನಿಗೆ ಕಾಫಿಯೂ ಊಟವೂ ದೊರೆಯುತ್ತಿದ್ದವು; ಅತಿಥಿಯನ್ನು ಬರಿಹೊಟ್ಟೆಯಲ್ಲಿ ಕಳುಹಿಸುವ ಸರ್ಕಾರವನ್ನು ಬೆದುಯಿನನು ಗೌರವಿಸಲಾರನೆಂಬುದನ್ನು ಆತನು ಅರಿತಿದ್ದನು. ಸಮವಸ್ತ್ರವನ್ನು ಸಹ ಐರೋಪ್ಯ ಮಾದರಿಯಲ್ಲಿ ಹೊಲಿಸದೆ, ಅವರ ಉಡುಪನ್ನೇ ಅನುಸರಿಸಿ, ಪಾದದವರೆಗಿನ ಖಾಕಿ ನಿಲುವಂಗಿ, ಎದೆಯ ಮೇಲೆ ಅಡ್ಡಲಾಗಿ ಗುಂಡಿನ ಪಟ್ಟಿ, ನಡುವಿಗೆ ಕೆಂಪು ವಸ್ತ್ರ, ಬೆಳ್ಳಿಯ ಹಿಡಿಯ ಕಠಾರಿ, ತಲೆಗೆ ಕೆಂಪು ಬಿಳಿಯ ಚೌಕಳಿಯ ರುಮಾಲು ಎಂದು ಗೊತ್ತುಮಾಡಿದನು. ಆ ಉಡುಪನ್ನು ತೊಟ್ಟ ಯುವಕನು ತನ್ನ ಕುಲದವರ ಎದುರಿಗೆ ತಲೆಯೆತ್ತಿ ನಡೆಯುವಂತಾಯಿತು. ಅಕ್ಷರವನ್ನೇ ಕಾಣದಿದ್ದ ಸೈನಿಕರಿಗೆ ಓದುಬರಹವನ್ನು ಕಲಿಸುವ ಏರ್ಪಾಡಾಯಿತು. ಜಗಳಗಳ ತೀರ್ಮಾನವು ಪರದೇಶದ ದಂಡಸಂಹಿತೆಯ ಪ್ರಕಾರವಲ್ಲದೆ ಕುಲಗಳ ಪರಂಪರಾಗತ ನ್ಯಾಯದಂತೆ, ಹಿರಿಯರ ಸಮ್ಮುಖದಲ್ಲಿ ನಡೆಯುತ್ತಿದ್ದಿತು. ದಾಳಿಯಿಂದ ಬದುಕುತ್ತಿದ್ದವರಿಗೆ ಬೇರೆ ಜೀವನೋಪಾಯ ಬೇಕೆಂಬುದನ್ನು ಮನಗಂಡು, ಹುವೈತಾತರು ಬೆಟ್ಟದ ತಪ್ಪಲಿನಲ್ಲಿ ಬೇಸಾಯಕ್ಕೆ ಕೈಹಾಕುವಂತೆಯೂ ಆತನು ಪ್ರೋತ್ಸಾಹಿಸಿದನು.

1939ರಲ್ಲಿ ಪೀಕ್ ನಿವೃತ್ತನಾದಾಗ ಗ್ಲಬ್ ಅರಬ್ ಲೀಜನ್ನಿನ ಅಧಿಪತಿಯಾದನು. ಎರಡನೆಯ ಮಹಾಯುದ್ಧವು ಆ ಸೈನ್ಯದ ಸ್ವರೂಪವನ್ನೇ ಬದಲಿಸಿತು. 1941ರ ಏಪ್ರಿಲಿನಲ್ಲಿ ಇರಾಕಿನಲ್ಲಿ ರಷೀದ್ ಅಲಿಯು ಅಧಿಕಾರವನ್ನು ಕೈಗೆ ತೆಗೆದುಕೊಂಡು ಆಂಗ್ಲರ ವಿರುದ್ಧ ನಿಂತಾಗ, ಹಬ್ಬಾನಿಯದ ವಿಮಾನನೆಲೆಯನ್ನು ಬಿಡಿಸಲು ಪ್ಯಾಲೆಸ್ಟೈನಿನಿಂದ ಮರುಭೂಮಿಯನ್ನು ದಾಟಿಹೋದ ಆಂಗ್ಲ ಪಡೆಗೆ ದಾರಿ ತೋರಿಸಿದವರು ಗ್ಲಬ್ಬನ ಸುಮಾರು 350 ಮಂದಿ ಬೆದುಯಿನ್ ಸೈನಿಕರು. ಅದೇ ವರ್ಷ ಸಿರಿಯದಲ್ಲಿ, ಜರ್ಮನರಿಗೆ ಮಣಿದಿದ್ದ ಫ್ರೆಂಚ್ ವಿಷಿ ಸರ್ಕಾರದ ಪಡೆಗಳ ಮೇಲೆ ನಡೆದ ಯುದ್ಧದಲ್ಲಿಯೂ, ಪಾಲ್ಮೈರಾದ ಈಶಾನ್ಯಕ್ಕಿರುವ ಸುಖ್ನಾ ಎಂಬಲ್ಲಿ ಅವರು ಶೌರ್ಯವನ್ನು ಮೆರೆದರು. ಇರಾಕಿನ ಬಂಡಾಯವನ್ನು ಸ್ವಾತಂತ್ರ್ಯದ ಹೋರಾಟವೆಂದು ಭಾವಿಸಿದ್ದ ಅಸಂಖ್ಯಾತ ಅರಬರ ಕಣ್ಣಿಗೆ ಮಾತ್ರ ಇದು ಸೋದರರ ಮೇಲೆ ಸೋದರರನ್ನು ಛೂಬಿಟ್ಟಂತೆ ಕಂಡಿತು. ಆಂಗ್ಲರ ಹಣದಿಂದ ಬೆಳೆದ ಸೈನ್ಯವು ಆಂಗ್ಲರ ಯುದ್ಧವನ್ನು ಮಾಡಿತೆಂಬ ಮಾತು ಆಗಲೇ ಬಾಗ್ದಾದಿನಲ್ಲಿಯೂ ದಮಾಸ್ಕಸ್ಸಿನಲ್ಲಿಯೂ ಹರಡಿದ್ದಿತು.

1946ರಲ್ಲಿ ಟ್ರಾನ್ಸ್‌ಜೋರ್ಡನ್ ಸ್ವತಂತ್ರ ರಾಜ್ಯವೆನಿಸಿ ಅಬ್ದುಲ್ಲಾ ರಾಜನೆನಿಸಿದನು. ಸೈನ್ಯಕ್ಕೆ ಹಣ ಬರುತ್ತಿದ್ದುದು ಮಾತ್ರ ಹಿಂದಿನಂತೆ ಲಂಡನ್ನಿನಿಂದಲೇ. ಎರಡು ವರ್ಷಗಳ ತರುವಾಯ, 1948ರ ಮೇ ತಿಂಗಳಲ್ಲಿ ಆಂಗ್ಲರು ಪ್ಯಾಲೆಸ್ಟೈನನ್ನು ತೊರೆದು, ಇಸ್ರೇಲ್ ರಾಜ್ಯವು ಘೋಷಿತವಾಗಿ, ಸುತ್ತಲಿನ ಅರಬ್ ರಾಜ್ಯಗಳು ಯುದ್ಧಕ್ಕೆ ಇಳಿದಾಗ ಗ್ಲಬ್ಬನ ಜೀವನದ ಅತ್ಯಂತ ಕಠಿಣ ಪರೀಕ್ಷೆ ಒದಗಿತು. ಆ ವರ್ಷದ ಆರಂಭದಲ್ಲಿ ಟ್ರಾನ್ಸ್‌ಜೋರ್ಡನಿನ ಪ್ರಧಾನಿಯು ಲಂಡನ್ನಿನಲ್ಲಿ ವಿದೇಶಾಂಗ ಸಚಿವ ಬೆವಿನ್ನನನ್ನು ಕಂಡಾಗ ದುಭಾಷಿಯಾಗಿ ಕುಳಿತವನು ಗ್ಲಬ್. ಅರಬರಿಗೆಂದು ವಿಶ್ವಸಂಸ್ಥೆಯು ಗೊತ್ತುಮಾಡಿದ್ದ ಭಾಗವನ್ನು ಲೀಜನ್ ಆಕ್ರಮಿಸಬಹುದು, ಯಹೂದ್ಯರಿಗೆ ಮೀಸಲಾದ ಭಾಗಕ್ಕೆ ಕಾಲಿಡಬಾರದು ಎಂಬ ಅಭಿಪ್ರಾಯವು ಅಲ್ಲಿ ವ್ಯಕ್ತವಾಯಿತು. ಯುದ್ಧರಂಗಕ್ಕೆ ಕಳುಹಿಸಲು ಆತನ ಕೈಯಲ್ಲಿದ್ದವರು ಐದು ಸಾವಿರದೊಳಗಿನ ಸೈನಿಕರು. ಆದರೂ ರಾಜನ ಆಜ್ಞೆಯಂತೆ ಜೆರುಸಲೆಮ್ಮಿಗೆ ನುಗ್ಗಿದ ಲೀಜನ್ ಹಳೆಯ ನಗರವನ್ನು ಉಳಿಸಿಕೊಂಡಿತು. ಅಲ್ಲಿಯ ಯಹೂದ್ಯರ ಕೇರಿಯು ಮೇ 28ರಂದು ಶರಣಾಯಿತು. ಕಡಲತೀರದಿಂದ ಜೆರುಸಲೆಮ್ಮಿಗೆ ಹೋಗುವ ಹೆದ್ದಾರಿಯ ಲಾಟ್ರೂನ್ ದಿಬ್ಬದ ಮೇಲೆ ಹಾಬಿಸ್ ಅಲ್ ಮಜಾಲಿ ಎಂಬ ಅರಬ್ ಅಧಿಕಾರಿಯ ದಳವು ಇಸ್ರೇಲಿಗಳ ಆಕ್ರಮಣಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿತು. ಆ ಯುದ್ಧದಲ್ಲಿ ಅರಬ್ ಸೈನ್ಯಗಳ ಪೈಕಿ ಮಾನವನ್ನು ಉಳಿಸಿಕೊಂಡುದು ಮುಖ್ಯವಾಗಿ ಇದೊಂದೇ.

ಇಷ್ಟಾದರೂ ಗ್ಲಬ್ಬನ ಹೆಸರಿಗೆ ಕಳಂಕವನ್ನು ತಂದುದೂ ಅದೇ ಯುದ್ಧವೇ. ವಿಶ್ವಸಂಸ್ಥೆಯ ನಿರ್ಬಂಧವನ್ನನುಸರಿಸಿ ಆಂಗ್ಲ ಸರ್ಕಾರವು ಮದ್ದುಗುಂಡುಗಳ ಪೂರೈಕೆಯನ್ನು ನಿಲ್ಲಿಸಿತಲ್ಲದೆ, ತನ್ನ ಸೇವೆಯಿಂದ ಲೀಜನ್ನಿಗೆ ಎರವಲಾಗಿ ಬಂದಿದ್ದ ಅಧಿಕಾರಿಗಳನ್ನು ರಣರಂಗದಿಂದ ಹಿಂದಕ್ಕೆ ಕರೆಯಿತು. ಜುಲೈ ತಿಂಗಳಲ್ಲಿ ಯುದ್ಧವು ಪುನಃ ಆರಂಭವಾದಾಗ, ಲಾಟ್ರೂನನ್ನೂ ಲಿದ್ದಾ, ರಾಮ್ಲಾ ಪಟ್ಟಣಗಳನ್ನೂ ಒಟ್ಟಿಗೆ ರಕ್ಷಿಸುವಷ್ಟು ಬಲ ತನ್ನಲ್ಲಿಲ್ಲವೆಂದು ಲೆಕ್ಕಹಾಕಿದ ಗ್ಲಬ್ ಆ ಎರಡು ಪಟ್ಟಣಗಳನ್ನು ಕಾಯದೆ ಬಿಟ್ಟನು. ಅವು ಇಸ್ರೇಲಿಗಳ ವಶವಾದವು. ಮನೆಮಠಗಳಿಂದ ಹೊರದೂಡಲ್ಪಟ್ಟ ಹತ್ತಾರು ಸಾವಿರ ಮಂದಿ ಮುದುಕರೂ ಹೆಂಗಸರೂ ಮಕ್ಕಳೂ ಜುಲೈ ತಿಂಗಳ ಉರಿಬಿಸಿಲಿನಲ್ಲಿ ನೀರಿಲ್ಲದೆ ಪೂರ್ವದ ಬೆಟ್ಟಗಳ ಕಡೆಗೆ ನಡೆದರು. ದಾರಿಯಲ್ಲಿ ಅನೇಕರು ಸತ್ತರು. ಸೈನಿಕ ದೃಷ್ಟಿಯಿಂದ ಗ್ಲಬ್ಬನ ಲೆಕ್ಕ ಸರಿಯಿದ್ದಿರಬಹುದು. ಮನೆಯನ್ನು ಕಳೆದುಕೊಂಡವನಿಗೆ ಆ ಲೆಕ್ಕವನ್ನು ಒಪ್ಪಿಸುವ ಬಗೆ ಹೇಗೆ? ಅದೇ ನಿರ್ಣಯವನ್ನು ಅರಬ್ ಸೇನಾಪತಿಯೊಬ್ಬನು ಕೈಗೊಂಡಿದ್ದರೆ ಜನ ಅದನ್ನು ದುರದೃಷ್ಟವೆಂದೋ ಅಸಾಮರ್ಥ್ಯವೆಂದೋ ಎಣಿಸುತ್ತಿದ್ದರು. ಆಂಗ್ಲನು ಕೈಗೊಂಡುದರಿಂದ ಅದು ದ್ರೋಹವೆನಿಸಿತು. ತಾನು ಇಪ್ಪತ್ತೆಂಟು ವರ್ಷ ಯಾರೊಡನೆ ಬಾಳಿದ್ದನೋ ಅವರಲ್ಲಿಯೇ ಕೆಲವರು ತನ್ನನ್ನು ದ್ರೋಹಿಯೆಂದು ಕೂಗಿದುದನ್ನು ಆತನು ಕೇಳಬೇಕಾಯಿತು.

ಮುಂದಿನ ವರ್ಷಗಳಲ್ಲಿ ಆ ಸಂಶಯವು ಬೆಳೆಯುತ್ತಲೇ ಹೋಯಿತು. ನದಿಯ ಪಶ್ಚಿಮ ದಂಡೆಯು, ಈಗ ಜೋರ್ಡನ್ ಎನಿಸಿಕೊಂಡ ಅಬ್ದುಲ್ಲಾನ ರಾಜ್ಯಕ್ಕೆ ಸೇರಿದುದರಿಂದ, ನೆಲೆಯನ್ನು ಕಳೆದುಕೊಂಡ ಪ್ಯಾಲೆಸ್ಟೈನಿಗಳು ಆ ರಾಜ್ಯದ ಪ್ರಜೆಗಳಾದರು. ಬೆದುಯಿನನು ಅಬು ಹುನೈಕನಲ್ಲಿ ಇಟ್ಟಿದ್ದ ವಿಶ್ವಾಸಕ್ಕೆ ಇವರಲ್ಲಿ ಆಸ್ಪದವಿರಲಿಲ್ಲ. 1951ರ ಜುಲೈನಲ್ಲಿ ಅಬ್ದುಲ್ಲಾ ರಾಜನು ಜೆರುಸಲೆಮ್ಮಿನ ಅಲ್ ಅಕ್ಸಾ ಮಸೀದಿಯಲ್ಲಿ ಗುಂಡಿಗೆ ಬಲಿಯಾದನು. ಗ್ಲಬ್ಬನ ಪಾಲಿಗೆ ಆತನು ಒಡೆಯನಷ್ಟೇ ಅಲ್ಲದೆ ಮಿತ್ರನೂ ಆಗಿದ್ದವನು. ಅಜ್ಜನ ಕೊಲೆಯನ್ನು ಕಣ್ಣಾರೆ ಕಂಡ ಮೊಮ್ಮಗ ಹುಸೇನ್, ತಂದೆ ತಲಾಲನ ಅಲ್ಪಕಾಲದ ಆಳ್ವಿಕೆಯ ಬಳಿಕ ಸಿಂಹಾಸನವನ್ನೇರಿದನು. ಅತ್ತ ಈಜಿಪ್ಟಿನಲ್ಲಿ ನಾಸರನ ಉದಯವಾಗಿದ್ದಿತು. ಕೈರೋ ನಗರದ ಆಕಾಶವಾಣಿಯು, ಅರಬರ ಸೈನ್ಯವನ್ನು ಆಂಗ್ಲನು ಆಳುವುದು ಅರಬರಿಗೆ ಅಪಮಾನವೆಂದು ಹಗಲಿರುಳು ಸಾರುತ್ತಿದ್ದಿತು. 1955ರ ಕೊನೆಯಲ್ಲಿ ಜೋರ್ಡನನ್ನು ಬಾಗ್ದಾದ್ ಒಪ್ಪಂದವೆಂಬ ಆಂಗ್ಲಪಕ್ಷದ ಸೈನಿಕ ಕೂಟಕ್ಕೆ ಸೇರಿಸಲು ಆಂಗ್ಲರು ಯತ್ನಿಸಿದಾಗ ಪಟ್ಟಣಗಳಲ್ಲಿ ಜನ ರೊಚ್ಚಿಗೆದ್ದರು. ಅವರನ್ನು ಚದುರಿಸಲು ಬೀದಿಗಿಳಿದುದು ಗ್ಲಬ್ಬನ ಸೈನ್ಯವೇ. ಅರಬ್ ಅಧಿಕಾರಿಗಳಿಗೆ ಉನ್ನತ ಪದವಿಗಳು ಬೇಗ ದೊರೆಯಬೇಕೆಂದು ರಾಜನು ಕೇಳುತ್ತಿದ್ದನು. ಅವರು ಪಕ್ವರಾಗುವ ತನಕ ಕಾಯಬೇಕೆಂದು ಗ್ಲಬ್ ಹೇಳುತ್ತಿದ್ದನು. ಗಡಿಯ ರಕ್ಷಣೆಯ ಕ್ರಮದಲ್ಲಿಯೂ ಇಬ್ಬರಿಗೂ ಮತಭೇದವಿದ್ದಿತು. ಇಪ್ಪತ್ತರ ರಾಜನು ಸ್ವಾಭಿಮಾನದ ಮಾತನ್ನಾಡುತ್ತಿದ್ದನು, ಐವತ್ತೆಂಟರ ಸೇನಾನಿಯು ವಿವೇಕದ ಮಾತನ್ನಾಡುತ್ತಿದ್ದನು. ತನ್ನ ಸೈನ್ಯವನ್ನು ತಾನು ಆಳುವ ಹಕ್ಕಿಗಾಗಿ ಒಂದು ದೇಶವು ಎಷ್ಟು ಕಾಲ ಕಾಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವು ಆ ಸೇನಾನಿಗೆ ಯಾರಿಂದ ಬಂದಿತೆಂಬ ಪ್ರಶ್ನೆಗೆ ಮಾತ್ರ ವಿವೇಕದಲ್ಲಿ ಉತ್ತರವಿರಲಿಲ್ಲ.

1956ರ ಮಾರ್ಚ್ 1ರಂದು ರಾಜನ ಆಜ್ಞೆಯು ಹೊರಟಿತು. ಪ್ರಧಾನಿಯು ಗ್ಲಬ್ಬನನ್ನು ಕರೆಸಿ, ಎರಡು ಗಂಟೆಗಳೊಳಗಾಗಿ ದೇಶವನ್ನು ಬಿಡಬೇಕೆಂದನು; ಇಷ್ಟು ವರ್ಷ ಬಾಳಿದ ಮನೆಯನ್ನು ಅಷ್ಟರಲ್ಲಿ ಬಿಡಲಾಗದೆಂದು ಗ್ಲಬ್ ಹೇಳಿದ ಮೇಲೆ, ಮರುದಿನ ಬೆಳಗಿನವರೆಗೆ ಅವಕಾಶ ದೊರೆಯಿತು. ತನ್ನ ಪಕ್ಷವಾಗಿ ಏಳಲು ಸಿದ್ಧರಿದ್ದ ದಳಗಳು ಸೈನ್ಯದಲ್ಲಿದ್ದರೂ, ಯಾರೂ ಅವಿಧೇಯರಾಗಕೂಡದೆಂದು ಆತನು ತನ್ನ ಅಧಿಕಾರಿಗಳಿಗೆ ತಿಳಿಸಿ, ವಿಮಾನವನ್ನೇರಿದನು. ಆ ರಾತ್ರಿ ಕೈರೋದಲ್ಲಿ ನಾಸರನ ಅತಿಥಿಯಾಗಿದ್ದ ಆಂಗ್ಲ ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡನಿಗೆ ಈ ಸುದ್ದಿ ತಲಪಿದಾಗ ಅದು ನಾಸರನದೇ ಕೃತ್ಯವೆಂದು ಆಂಗ್ಲರು ಭಾವಿಸಿದರು. ಪ್ರಧಾನಿ ಈಡನ್ನನ ಕೋಪವು ಕೆರಳಿ, ಅದೇ ವರ್ಷದ ಸೂಯೆಜ್ ಯುದ್ಧದ ಕಡೆಗೆ ಆತನನ್ನು ತಳ್ಳಿದ ಕಾರಣಗಳಲ್ಲಿ ಇದೂ ಒಂದಾಯಿತು. ಅಮ್ಮಾನಿನ ಬೀದಿಗಳಲ್ಲಿ ಜನರು ಸಂತೋಷದಿಂದ ಕುಣಿದರು. ಆ ಸಂತೋಷವನ್ನು ಕೃತಘ್ನತೆಯೆಂದು ಕರೆದವರುಂಟು. ಪರಾಧೀನತೆಯ ಸಂಕಟವನ್ನು ಬಲ್ಲ ನಮ್ಮಂಥವರು ಹಾಗೆ ಕರೆಯಲಾರೆವು.

ಉಳಿದ ಮೂವತ್ತು ವರ್ಷಗಳನ್ನು ಗ್ಲಬ್ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಮೇಫೀಲ್ಡ್ ಎಂಬ ಹಳ್ಳಿಯಲ್ಲಿ, ಅರಬರ ಇತಿಹಾಸವನ್ನೂ ತನ್ನ ಅನುಭವಗಳನ್ನೂ ಕುರಿತು ಗ್ರಂಥಗಳನ್ನು ರಚಿಸುತ್ತ ಕಳೆದನು. ಆ ಗ್ರಂಥಗಳಲ್ಲಿ ತನ್ನನ್ನು ಹೊರಗಟ್ಟಿದ ಜನರ ಮೇಲೆ ಹಗೆಯ ಮಾತು ಕಾಣದು. ಅರಬರ ಪಕ್ಷವನ್ನು ಪಶ್ಚಿಮದ ಓದುಗರಿಗೆ ತಿಳಿಹೇಳುವುದೇ ಅವುಗಳ ಉದ್ದೇಶವಾಗಿದ್ದಿತು. 1986ರ ಮಾರ್ಚಿನಲ್ಲಿ ಆತನು ತೀರಿಕೊಂಡಾಗ, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಸ್ಮರಣಸಭೆಗೆ ಬಂದು ಆತನ ಗುಣಗಳನ್ನು ಸ್ಮರಿಸಿ ಮಾತನಾಡಿದವನು, ಮೂವತ್ತು ವರ್ಷಗಳ ಹಿಂದೆ ಆತನನ್ನು ಹೊರಗಟ್ಟಿದ ಹುಸೇನ್ ರಾಜನೇ. ಹೊರಗಟ್ಟಿದುದೂ ಗೌರವಿಸಿದುದೂ ಎರಡೂ ನ್ಯಾಯವಾಗಿದ್ದವೆಂದು ನನ್ನ ನಂಬಿಕೆ.

ಏಕೆಂದರೆ ಈ ಜೀವನದಲ್ಲಿ ಎರಡು ಸತ್ಯಗಳು ಒಂದನ್ನೊಂದು ಅಳಿಸದೆ ನಿಂತಿವೆ. ಬೆದುಯಿನನ ಮೇಲೆ ಗ್ಲಬ್ ಇಟ್ಟ ಪ್ರೀತಿ ಕೃತ್ರಿಮವಾಗಿರಲಿಲ್ಲ. ಪ್ರೀತಿಯಿಲ್ಲದವನು ಗುಡಾರದ ಮಣ್ಣಿನ ಮೇಲೆ ಕುಳಿತು ವಿಶ್ವಾಸಕ್ಕಾಗಿ ಅಷ್ಟು ಕಾಲ ಕಾಯಲಾರನು. ಆದರೆ ಆ ಪ್ರೀತಿಯನ್ನು ತೋರಿಸಲು ಬೇಕಾದ ಅಧಿಕಾರವನ್ನು ಆತನಿಗೆ ಕೊಟ್ಟುದು ಜೋರ್ಡನಿನ ಜನರಲ್ಲ, ಅವರ ಮೇಲೆ ಹಿಡಿತವನ್ನಿಟ್ಟುಕೊಂಡಿದ್ದ ಒಂದು ಸಾಮ್ರಾಜ್ಯ. ಆ ಜನ ಬೇಡವೆಂದರೆ ಇಳಿಯಬೇಕಾದ ಕಟ್ಟುಪಾಡು ಆ ಅಧಿಕಾರಕ್ಕೆ ಇರಲಿಲ್ಲ. ಆಳುವವನ ಸದ್ಗುಣವು ಆಳಿಸಿಕೊಳ್ಳುವವರ ಸಮ್ಮತಿಗೆ ಬದಲಾಗಿ ನಿಲ್ಲಲಾರದು. ಶಿಷ್ಯನು ತನ್ನನ್ನು ಬಿಟ್ಟು ನಡೆಯಬಲ್ಲನೆಂದು ಗುರುವು ಒಪ್ಪಿಕೊಳ್ಳುವುದು ವಿದ್ಯೆಯ ಕೊನೆಯ ಪಾಠವಾದರೆ, ಆ ಒಂದು ಪಾಠದಲ್ಲಿ ಗ್ಲಬ್ ಹಿಂದುಳಿದನೆಂದೇ ಹೇಳಬೇಕು. ಲಾಟ್ರೂನಿನಲ್ಲಿ ಆತನ ಅಧೀನದಲ್ಲಿ ಕಾದಿದ ಹಾಬಿಸ್ ಅಲ್ ಮಜಾಲಿಯೇ ಕೆಲವೇ ವರ್ಷಗಳಲ್ಲಿ ಜೋರ್ಡನ್ ಸೈನ್ಯದ ಮುಖ್ಯಾಧಿಪತಿಯಾದನು, ಸೈನ್ಯವು ಗ್ಲಬ್ಬನಿಲ್ಲದೆಯೂ ದೃಢವಾಗಿ ಉಳಿಯಿತು. ಹಾಗೆ ಉಳಿಯುವಷ್ಟು ಗಟ್ಟಿಯಾಗಿ ಅದನ್ನು ಕಟ್ಟಿದ ಕೀರ್ತಿಯು ಗ್ಲಬ್ಬನದು. ಅದನ್ನು ತಮ್ಮದೆಂದು ಕೇಳಿ ಪಡೆದ ಕೀರ್ತಿಯು ಜೋರ್ಡನಿನ ಜನರದು.